ಇನ್ನೊಂದು ಸಲ ಹೇಳಮ್ಮ

ಮಾನ್ಯ ವ್ಯವಸ್ಥಾಪಕರಿಗೆ,

ನನ್ನನ್ನು ಪ್ರಕಟಣೆಯ ಮೈಕಿನಿಂದ ಬಿಡಿಸಿ ಸಾಮಾನು ವಿಭಾಗಕ್ಕೆ ಹಾಕಿಕೊಡಿ. ಗಂಟಲು ಸರಿಯಾಗಿಯೇ ಇದೆ, ರಜೆಯೂ ಬೇಡ.

ಚಕ್ರ ನೆಲ ಮುಟ್ಟಿದೊಡನೆ ‘ವಿಮಾನ ಇಳಿದಿದೆ’ ಎನ್ನುವುದು ನಮ್ಮ ಪದ್ಧತಿ. ಆ ಮಂಜಿನ ದಿನವೂ ಹಾಗೆಯೇ ಹೇಳಿದೆ. ಕಾಯುತ್ತಿದ್ದವರೆಲ್ಲ ನಗುತ್ತ ಬಾಗಿಲ ಬಳಿ ಸೇರಿದರು. ಅಷ್ಟರಲ್ಲಿ ವಿಮಾನ ರನ್‌ವೇ ದಾಟಿ ಹೋಗಿ ಹೊತ್ತಿಕೊಂಡಿತು.

ಅಂದು ಮಗಳನ್ನು ಕರೆದೊಯ್ಯಲು ಬಂದಿದ್ದ ಹಿರಿಯರೊಬ್ಬರು ಈಗಲೂ ದಿನಾ ಬಂದು ನನ್ನ ಕಿಟಕಿಯೆದುರು ಕೂರುತ್ತಾರೆ.

ನಿನ್ನೆ, “ಅವತ್ತಿನ ಹಾಗೇ ಇನ್ನೊಂದು ಸಲ ಹೇಳಮ್ಮ,” ಎಂದರು.

“ಬೇಡ ಅಜ್ಜ.”

“ನೀನು ಹೇಳ್ದಾಗ ಅವಳಿನ್ನೂ ಇದ್ಲಲ್ಲಮ್ಮ.”

ಮೈಕ್ ಆಫ್ ಮಾಡಿ ಮೆಲ್ಲಗೆ ಹೇಳಿದೆ. ಅವರು ಎದ್ದು, ಅಂಗಿ ಸರಿಮಾಡಿಕೊಂಡು, ಬಾಗಿಲ ಬಳಿ ಹೋಗಿ ನಿಂತರು.

ನಾಳೆಯೂ ಕೇಳುತ್ತಾರೆ. ನಾನೂ ಹೇಳಿಬಿಡುತ್ತೇನೆ. ಅದಕ್ಕೇ ಈ ಪತ್ರ.

ಇಂತಿ,
ಪ್ರಕಟಣೆಯವಳು