ಬಸವನಹುಳುವಿನೊಳಗಿನ ಮನುಷ್ಯ

ವಿಭಾಗದ ಮುಖ್ಯಸ್ಥರಿಗೆ, ವಂದನೆಗಳು.

ಜೀವವಿಕಾಸದ ಜೀನೋಮ್ ಅಧ್ಯಯನಕ್ಕೆಂದು ಇದ್ದ ಒಂದೇ ಒಂದು ಪ್ರಾಧ್ಯಾಪಕ ಹುದ್ದೆ ನಿಮ್ಮ ಅಳಿಯಂದಿರಿಗೆ ಸಿಕ್ಕಿತೆಂದು ತಿಳಿಯಿತು. ಒಂಬತ್ತು ವರ್ಷ ಹಂಗಾಮಿಯಾಗಿ ಪಾಠ ಮಾಡಿದ ನನಗೆ, "ಬೇಜಾರ್ ಮಾಡ್ಕೋಬೇಡಿ ಮೇಡಂ, ಅವರಿಗೆ ಫ್ರೀಜರ್ ಒಂಚೂರು ತೋರಿಸ್ಕೊಡಿ" ಎಂದಿರಿ. ತೋರಿಸಿಕೊಟ್ಟಿದ್ದೇನೆ. ಬೀಗದ ಕೈ ನಿಮ್ಮ ಮೇಜಿನ ಮೇಲಿದೆ.

ಬಸವನಹುಳುವಿನಲ್ಲಿ ಮನುಷ್ಯನ ಜೀನ್ ಸಿಕ್ಕಿದೆ, ವಿಕಾಸದ ಚರಿತ್ರೆಯನ್ನೇ ತಿದ್ದಬೇಕು ಎಂದು ಅವರು ಸಂದರ್ಶನದಲ್ಲಿ ಹೇಳಿದಾಗ ಮೊದಲು ಚಪ್ಪಾಳೆ ತಟ್ಟಿದವರು ನೀವಂತೆ. ಸಂದರ್ಶನಕ್ಕೆ ಮೊದಲೇ ನೀವು ಅವರಿಗೆ ಕೊಡಿಸಿದ್ದ ಆ ಹುಳು ನಮ್ಮ ಫ್ರೀಜರಿನ ಹದಿನಾಲ್ಕನೇ ಟ್ಯೂಬಿನದು. ಹೋದ ವರ್ಷ ಫೋಟೊ ತೆಗೆಸಿಕೊಳ್ಳಲು ಬಂದ ನೀವು, ನಾನು ಬೇಡವೆಂದರೂ ಕೇಳದೆ, ಗ್ಲೌಸಿಲ್ಲದ ಕೈಯಲ್ಲಿ ಅದರ ತುಂಡನ್ನು ಎತ್ತಿ ಹಿಡಿದು ನಕ್ಕಿದ್ದಿರಿ. 'ಕೈ ತಾಗಿ ಕೆಟ್ಟಿದೆ, ಬಳಸಬಾರದು' ಎಂದು ಅಂದೇ ದಾಖಲೆ ಪುಸ್ತಕದಲ್ಲಿ ಬರೆದಿಟ್ಟೆ. ಅಳಿಯಂದಿರಿಗೆ ಓದುವ ಅಭ್ಯಾಸವಿಲ್ಲ.

ಒಂದೇ ಕೋರಿಕೆ. ಅವರ ಪ್ರಬಂಧ ಅಚ್ಚಾಗುವಾಗ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರು ಹಾಕುವುದು ಬೇಡ. ನಿಮ್ಮದನ್ನು ಮಾತ್ರ ಮರೆಯದೆ ಹಾಕಿಸಿ. ಅವರು ಹುಳುವಿನಲ್ಲಿ ಕಂಡುಹಿಡಿದ ಮನುಷ್ಯ ನೀವೇ.

ಇಂತಿ,
ನಾಳೆಯಿಂದ ನಿಮ್ಮ ವಿಭಾಗದಲ್ಲಿ ಇಲ್ಲದ
ಹಂಗಾಮಿ ಮೇಡಂ