ನಾಗಜ್ಜಿ ಕೋರ್ಟಿಗೆ ತಂದ ಸೌತೆಕಾಯಿ

ಕುಮಟಾ, ಆಗಸ್ಟ್ ೨೧, ೧೯೬೧

ಶಾಲೆಯಿಂದ ಬಂದು ನೋಡಿದರೆ ಲಕ್ಕಿ ನನ್ನ ಅಂಗಳ ಅಗೆದು ಬಸಳೆ ನೆಟ್ಟಿದ್ದಾಳೆ! “ಸುಮ್ನೆ ಕೂತ್ರೆ ತಲೆ ಬಿಸಿ ಆತದೆ ಅಕ್ಕೋರೆ.”

ಕೋರ್ಟು ತೀರ್ಮಾನಿಸುವವರೆಗೆ ಇವಳನ್ನು ನನ್ನ ಮನೆಯಲ್ಲಿ ಇಟ್ಟಿದ್ದಾರೆ. ಹದಿನಾಲ್ಕರ ಹುಡುಗಿ. ಮನೆಗೆಲಸ ಕೊಡಿಸುತ್ತೇನೆಂದು ದಲಾಲನೊಬ್ಬ ಬೊಂಬಾಯಿಗೆ ಒಯ್ದು ಕೆಟ್ಟ ಮನೆಗೆ ಮಾರಿದ್ದ. ಪೊಲೀಸರು ಬಿಡಿಸಿ ತಂದರು. ಹಿಡಿದ ದಲಾಲನಿಗೆ ಜಾಮೀನು ಸಿಕ್ಕಿತು. ಇವಳನ್ನು ಮಾತ್ರ ಹುಬ್ಬಳ್ಳಿ ಕಡೆಯ ಸರಕಾರಿ ಹುಡುಗಿಯರ ಹೋಮಿಗೆ ಹಾಕಬೇಕಂತೆ — ಸುಧಾರಣೆಗೆ! ಎಂಥ ನ್ಯಾಯವೋ. ಸಿಟ್ಟಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಲಕ್ಕಿ ಮುಖ ಕಿವುಚಿಕೊಂಡೇ ಉಂಡಳು.

ಆಗಸ್ಟ್ ೨೪

“ಹೋಮಿನಲ್ಲಿ ಗದ್ದೆ ಉಂಟಾ ಅಕ್ಕೋರೆ?”

ಇಲ್ಲ ಎಂದೆ. ಆಮೇಲೆ ಅವಳು ಅನ್ನ ಮುಟ್ಟಲಿಲ್ಲ. ಹೊನ್ನಾವರದ ಆಚೆ ಅವಳ ಅಜ್ಜಿ ನಾಗಿ ಇದ್ದಾಳೆ. ಕೋರ್ಟಿನ ವಾಯಿದೆಯ ದಿನ ಬರಲೇಬೇಕೆಂದು ಹೇಳಿ ಕಳಿಸಿದೆ. ಹುಡುಗಿಗೆ ಬೇರೆ ದಿಕ್ಕಿಲ್ಲ.

ಸೆಪ್ಟೆಂಬರ್ ೧, ಸಂಜೆ

ನಗಬೇಕೋ ಅಳಬೇಕೋ! ನಾಗಜ್ಜಿ ಬುಟ್ಟಿ ಹೊತ್ತೇ ಕೋರ್ಟಿಗೆ ಬಂದಳು. ಸೀದಾ ಹೋಗಿ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಒಂದು ಸೌತೆಕಾಯಿ ಇಟ್ಟುಬಿಟ್ಟಳು.

ಸರಕಾರಿ ವಕೀಲರು ಎದ್ದರು. “ಸ್ವಾಮಿ, ಇದು ಲಂಚ! ಇಂಥವಳ ಕೈಗೆ ಹುಡುಗಿಯನ್ನು ಕೊಡೋದೇ?”

ಅಯ್ಯೋ, ಕೆಲಸ ಕೆಟ್ಟಿತಲ್ಲ...

ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. “ದೊಡ್ಡವ್ರ ಹತ್ರ ಬರಿಗೈಲಿ ಬರೂಕಾತದಾ ಒಡೆಯಾ? ತಡೀರಿ, ನಿಮಗೂ ಉಂಟು!” ವಕೀಲರ ಕೈಗೊಂದು ತುರುಕಿದಳು. ಪೊಲೀಸಿಗೊಂದು. ಬಾಗಿಲಲ್ಲಿ ನಿಂತ ಪಟ್ಟೇವಾಲನಿಗೊಂದು. ಕೋರ್ಟಿಗೆ ಕೋರ್ಟೇ ಗೊಳ್ಳೆಂದಿತು.

ಮ್ಯಾಜಿಸ್ಟ್ರೇಟರು ನಗು ನುಂಗಿ ಕಾಯಿ ವಾಪಸು ಕೊಟ್ಟರು. “ಎಲ್ಲರಿಗೂ ಕೊಟ್ಟದ್ದು ಲಂಚ ಹೇಗಾಗುತ್ತದೆ ವಕೀಲರೇ?” ಎಂದವರು ಲಕ್ಕಿಯ ಕಡೆ ತಿರುಗಿದರು. “ನೀನು ಎಲ್ಲಿರ್ತೀ ಮಗಾ?”

ಇಷ್ಟು ದಿನ ಯಾರೂ ಅವಳನ್ನು ಇದೊಂದು ಕೇಳಿರಲಿಲ್ಲ. ಗಾಬರಿಯಾಗಿ ನನ್ನ ಮುಖ ನೋಡಿದಳು. ಹೇಳು ಮಾರಾಯ್ತಿ, ಹೇಳು!

“ಅಜ್ಜಿ ಹತ್ರ.” ಆಮೇಲೆ ತಲೆಯೆತ್ತಿ — “ನಾ ತಪ್ಪು ಮಾಡ್ಲಿಲ್ಲ ಒಡೆಯಾ. ಅಂವ ಮಾಡಿದ್ದು.”

“ಹೌದು” ಎಂದರು ಮ್ಯಾಜಿಸ್ಟ್ರೇಟರು.

ಹುಡುಗಿ ಅಜ್ಜಿಯ ವಶಕ್ಕೆ. ಆಗಾಗ ನಾನು ಹೋಗಿ ನೋಡಿ ಬರಬೇಕು. ದಲಾಲನ ಕೇಸು ಬೇರೆ ನಡೆಯುತ್ತದೆ. ಖುಷಿಗೆ ಕೋರ್ಟಿನ ಮೆಟ್ಟಿಲಲ್ಲೇ ಅತ್ತುಬಿಟ್ಟೆ.

ಸೆಪ್ಟೆಂಬರ್ ೨, ಬೆಳಿಗ್ಗೆ

ಅಜ್ಜಿ ಮೊಮ್ಮಗಳು ಬಸ್ಸಿಗೆ ಹೊರಟಿದ್ದಾರೆ. ಲಕ್ಕಿ ತಲೆ ಬಾಚಿಕೊಳ್ಳುತ್ತ ಏನೋ ಹಾಡುತ್ತಿದ್ದಾಳೆ. ಇಷ್ಟು ದಿನ ಒಂದು ಸೊಲ್ಲು ಹಾಡಿದವಳಲ್ಲ. ಎಂಥ ಗಂಟಲು! ಅಜ್ಜಿಯೂ ಸೇರಿದಳು. ನನ್ನನ್ನೂ ಕರೆಯುತ್ತಿದ್ದಾರೆ. ನನಗೆಲ್ಲಿ ಬರುತ್ತದೆ ಹಾಡು... ತಡಿ, ಬಂದೆ —