ಚಿನೆನ್ ಇಳಿಜಾರಿನ ಮೂರು ಕಲ್ಲು

ಫೆಬ್ರವರಿ 8, ಬೆಳಿಗ್ಗೆ. ನಾಹಾ

ಚೈನಿಗೆ ಎಣ್ಣೆ. ಟೈರಿಗೆ ಗಾಳಿ. ಅಂಗಡಿ ಬಾಗಿಲಿಗೆ ಬೋರ್ಡು ತಗುಲಿಸಿದೆ — ಒಂದು ವಾರ ರಜೆ, ದಯವಿಟ್ಟು ಕನ್ನಡಕ ಮುರಿದುಕೊಳ್ಳಬೇಡಿ. ಅಕ್ಕ ನಗಲಿಲ್ಲ. ಅವಳ ಪುಟ್ಟ ಬಿಳಿ ಟ್ರಕ್ಕು ಜೊತೆಗೆ ಬರುತ್ತದೆ. ಅದರಲ್ಲಿ ಅಕ್ಕಿ, ಊದುಬತ್ತಿ, ನನ್ನದೊಂದು ಹಳೆಯ ಅಂಗಿ. ಸೈಕಲ್ ಸುತ್ತಾಟಕ್ಕೆ ಊದುಬತ್ತಿ ಏಕೆಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.

ಪ್ರತಿ ವರ್ಷ ಮಾರ್ಚಿನಲ್ಲಿ ನಮ್ಮ ಕೇರಿಯ ಸೈಕಲ್ ತಂಡ ದ್ವೀಪ ಸುತ್ತುತ್ತದೆ. ಎಲ್ಲರಿಗಿಂತ ಮುಂದಿನ ಸೈಕಲ್ ಯಾವಾಗಲೂ ನನ್ನದು. ಹೋದ ಚಳಿಗಾಲ ದಾರಿ ನೋಡಿಬರಲು ಒಬ್ಬನೇ ಹೋಗಿ ಚಿನೆನ್ ಕೋಟೆಯ ಕೆಳಗಿನ ಇಳಿಜಾರಿನಲ್ಲಿ ಬಿದ್ದೆ. ತೋಳು ಮುರಿಯಿತು, ಕೂಡಿಕೊಂಡಿತು. ಈಗ ತಂಡ ನಡೆಸುವ ತಮಾಯೋಸೆಗೆ ಅನುಮಾನ. ಮೊನ್ನೆ ಅಂಗಡಿಗೆ ಬಂದು, ಬೇಡದ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿಕೊಂಡು, ಕೊನೆಗೆ ಹೇಳಿದ:

"ಒಂದು ಸುತ್ತು ಹಾಕಿ ಬಾರಯ್ಯ ಸೇಜುನ್. ಚಿನೆನ್ ಇಳಿಜಾರನ್ನ ಸೀಟಿನ ಮೇಲೆ ಕೂತೇ ಇಳಿದ ಅಂತ ನಿಮ್ಮಕ್ಕ ಹೇಳಲಿ. ಆಗ ಈ ಸಲ ಮತ್ತೆ ಮುಂದೆ ನೀನೇ. ಇಲ್ಲಾಂದ್ರೆ ಲಗೇಜು ಗಾಡಿ ಓಡಿಸು."

"ನಮ್ಮಕ್ಕ ಯಾಕೆ?"

"ಅವರಿಗೆ ಸುಳ್ಳು ಹೇಳೋಕೆ ಬರಲ್ಲ."

ಒಪ್ಪಿದೆ. ಕಾಲು ಗಟ್ಟಿಯಿದೆ. ದಾರಿ ಗೊತ್ತಿದೆ. ಲಗೇಜು ಗಾಡಿ ತಮಾಯೋಸೆಗೇ ಇರಲಿ.

ಅದೇ ದಿನ, ಸಂಜೆ. ಯೋಮಿತಾನ್

ದಿನವಿಡೀ ಎದುರುಗಾಳಿ. ಉತ್ತರದ ಗಾಳಿ ಫೆಬ್ರವರಿಯಲ್ಲಿ ಯಾರ ಮುಲಾಜೂ ನೋಡುವುದಿಲ್ಲ. ತುಳಿದೆ. ಸುಸ್ತಿಲ್ಲ.

ಜಾಕಿಮಿ ಕೋಟೆಯ ಗೋಡೆಯ ಮೇಲೆ ಒಂದು ಸುತ್ತು ನಡೆದೆ. ನೇರ ಗೆರೆ ಎಂಬುದೇ ಇಲ್ಲ. ಕಲ್ಲು ಬಳುಕಿ ಹೋಗುತ್ತದೆ. ಒಳಗೆ ಅರಮನೆಯಿಲ್ಲ, ಅರಸನಿಲ್ಲ, ಹುಲ್ಲು ಮಾತ್ರ. ಏನನ್ನೂ ಕಾಯದ ಗೋಡೆ. ಆದರೂ ನಿಂತಿದೆ... ಇಷ್ಟವಾಯಿತು.

ಕೋಟೆಯಿಂದ ಇಳಿಯುವಾಗ ಸೈಕಲ್ಲಿನಿಂದ ಇಳಿದು ನಡೆದೆ. ಸಮುದ್ರ ಚೆನ್ನಾಗಿ ಕಾಣುತ್ತಿತ್ತು.

ಅಕ್ಕ ಕೆಳಗೆ ಕಾದಿದ್ದಳು. ಡಬ್ಬಿ ಕಾಫಿ ಕೊಟ್ಟಳು. ಸಕ್ಕರೆಯದು. ಬಿದ್ದ ಮೇಲೆ ಸಿಹಿ ಹಿಡಿಸಿದೆ. ಮೊದಲು ಮೂಸಿಯೂ ನೋಡುತ್ತಿರಲಿಲ್ಲ. ಐವತ್ತು ದಾಟಿದರೆ ನಾಲಿಗೆ ಬದಲಾಗುತ್ತದೆ.

ಫೆಬ್ರವರಿ 10. ನಾಕಿಜಿನ್

ಕೋಟೆ ಹತ್ತುವ ಮೆಟ್ಟಿಲಿನ ಎರಡೂ ಕಡೆ ಚೆರ್ರಿ ಹೂ ಉದುರಿದೆ. ಕೆಂಪು. ಜನ ಉದುರಿದ್ದನ್ನು ಬಿಟ್ಟು ಮರದಲ್ಲಿ ಉಳಿದದ್ದರ ಫೋಟೋ ತೆಗೆಯುತ್ತಾರೆ. ಸರಿಯೇ.

ಏರು ಒಂದೇ ಉಸಿರಿಗೆ ಹತ್ತಿದೆ. ಇಪ್ಪತ್ತರ ಹುಡುಗರು ಗೇರು ಬದಲಿಸುತ್ತ ಏದುಸಿರು ಬಿಡುತ್ತಿದ್ದರು. ಅವರನ್ನು ದಾಟುವಾಗ ಸೀಟಿ ಹೊಡೆದೆ, ಬೇಕೆಂದೇ.

ವಾಪಸಾಗುವಾಗ ಚೈನು ಸಡಿಲವೆನಿಸಿತು. ಇಳಿದು ತಳ್ಳಿಕೊಂಡು ಬಂದೆ.

"ಚೈನು ಸರಿಯಾಗೇ ಇದೆಯಲ್ಲೋ" ಎಂದಳು ಅಕ್ಕ, ಬೆರಳಲ್ಲಿ ಎತ್ತಿ ನೋಡಿ.

"ಈಗ ಸರಿಹೋಗಿದೆ."

"ಇಳಿಜಾರು ಮುಗಿದ ತಕ್ಷಣ ಅದಕ್ಕೆ ವಾಸಿಯಾಯ್ತೇನು?"

ಫೆಬ್ರವರಿ 13, ರಾತ್ರಿ ಊಟಕ್ಕೆ ಮುಂಚೆ. ಉರುಮಾ

ಎರಡು ದಿನ ಬರೆಯಲಿಲ್ಲ. ಉತ್ತರದ ತುದಿ ಸುತ್ತಿ ಪೂರ್ವ ಕರಾವಳಿಗೆ ಹೊರಳಿದ್ದು. ಅಲ್ಲೆಲ್ಲ ಏರಿಳಿತ. ಏರು ಚೆನ್ನಾಗಿತ್ತು.

ಮಧ್ಯಾಹ್ನ ಸೋಬಾ ಶಾವಿಗೆಯ ಅಂಗಡಿಯಲ್ಲಿ ಅಕ್ಕ ಹಂದಿಮಾಂಸದ ತುಂಡನ್ನು ನನ್ನ ಬಟ್ಟಲಿಗೆ ಹಾಕಿದಳು. ಆಗಲೇ ಗೊತ್ತಾಯಿತು, ಏನೋ ಹೇಳುವವಳಿದ್ದಾಳೆ.

"ಇಳಿಜಾರು ಬಂದಾಗಲೆಲ್ಲ ನಿನಗೆ ಸಮುದ್ರ ಯಾಕೋ ಅಷ್ಟು ಚೆಂದ ಕಾಣುತ್ತೆ?"

"ಎತ್ತರದಿಂದ ಕಂಡೇ ಕಾಣುತ್ತೆ."

"ಏರುವಾಗಲೂ ಅದೇ ಎತ್ತರ ಅಲ್ವೇನೋ? ಆಗ ನಿಲ್ಲಲ್ಲ."

ಸೋಬಾ ತಿಂದೆ. ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುತ್ತ ದಿನವಿಡೀ ಕೇಳುವ ಪ್ರಶ್ನೆ ನೆನಪಾಯಿತು — ಇದೋ, ಅದೋ, ಯಾವುದರಲ್ಲಿ ಸ್ಪಷ್ಟ?

"ನಿನ್ನ ಮಬುಯ್ ಪೂರ್ತಿ ವಾಪಸ್ ಬಂದಿಲ್ಲ ಕಣೋ" ಎಂದಳು. "ನಾನು ಕರೆದದ್ದು ಎಲ್ಲೋ ತಪ್ಪಿದೆ. ಎಲ್ಲಿ ಅಂತ ತಿಳೀತಿಲ್ಲ."

ಬೆಚ್ಚಿಬಿದ್ದವನ ಮೈಯಿಂದ ಮಬುಯ್, ಅಂದರೆ ಜೀವ, ಜಾರಿ ಆ ಜಾಗದಲ್ಲೇ ಕೂತುಬಿಡುತ್ತದೆ. ಅಲ್ಲಿಗೇ ಹೋಗಿ ಕರೆಯಬೇಕು. ಮೂರು ಕಲ್ಲು ಆರಿಸಿ ತಂದು ತಲೆಯ ಹತ್ತಿರ ಇಡಬೇಕು. ಚಿಕ್ಕಂದಿನಲ್ಲಿ ಮರದಿಂದ ಬಿದ್ದಾಗಲೆಲ್ಲ ಅಮ್ಮ ಕರೆದಿದ್ದಳು. ಹೋದ ವರ್ಷ ನಾನು ಆಸ್ಪತ್ರೆಯಲ್ಲಿದ್ದೆ. ಅಕ್ಕ ನನ್ನ ಅಂಗಿ ಹಿಡಿದು ಹೋಗಿ ಕರೆದು, ಕಲ್ಲು ತಂದು ದಿಂಬಿನ ಕೆಳಗೆ ಇಟ್ಟಳು. ನಂಬಿಕೆಯಿಲ್ಲ. ಕಲ್ಲುಗಳನ್ನು ಒಂದು ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಎಸೆಯುವುದು ಅಸಭ್ಯತೆ.

ನಾಡಿದ್ದು ಚಿನೆನ್. ಇಳಿಯುತ್ತೇನೆ. ಸುಮ್ಮನೆ ಬರೆಯುತ್ತಿಲ್ಲ.

ಫೆಬ್ರವರಿ 15, ಬೆಳಿಗ್ಗೆ ಹತ್ತು. ಚಿನೆನ್, ಕೆಳಗಿನ ರಸ್ತೆ

ನಗು ಇನ್ನೂ ನಿಂತಿಲ್ಲ. ಬರೆಯಲೇಬೇಕು.

ಕೋಟೆಗೆ ಹತ್ತುವ ಮೊದಲು ಅಕ್ಕ ಕರಾವಳಿ ರಸ್ತೆಯ ಅಂಗಡಿ ಮುಂದೆ ಟ್ರಕ್ಕು ನಿಲ್ಲಿಸಿದಳು. ವಾಹನ ನಿಲ್ಲಿಸುವ ಅಂಗಳದ ಮೂಲೆಗೆ ಹೋಗಿ, ಐಸ್‌ಕ್ರೀಮ್ ಜಾಹೀರಾತಿನ ಬಾವುಟದ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಕ್ಕಿ ಹೊರತೆಗೆದಳು.

"ಇಲ್ಲೇನು ಮಾಡ್ತಿದ್ದೀಯ ಅಕ್ಕ?"

"ಇನ್ನೊಂದು ಸಲ ಕರೀತೀನಿ. ಹೋದ ಸಲ ಇಲ್ಲೇ ಅಲ್ವಾ ಕರೆದದ್ದು."

"ನಾನು ಇಲ್ಲಿ ಬೀಳಲಿಲ್ಲ!"

"ಆಂಬುಲೆನ್ಸ್‌ನವರು ಇಲ್ಲಿಂದಲೇ ಎತ್ತಿಕೊಂಡು ಹೋದದ್ದು ಅಂದ್ರಲ್ಲೋ."

"ಬಿದ್ದದ್ದು ಮೇಲೆ, ಕಬ್ಬಿನ ಗದ್ದೆ ತಿರುವಿನಲ್ಲಿ. ಅಲ್ಲಿಂದ ಸೈಕಲ್ ತಳ್ಳಿಕೊಂಡು ಇಲ್ಲೀತನಕ ನಡೆದು ಬಂದೆ. ಇಲ್ಲಿ ಫೋನ್ ಮಾಡಿಸಿದೆ."

ಅಕ್ಕ ಬಾಯಿಗೆ ಕೈ ಹಿಡಿದಳು. ಕಾಂಕ್ರೀಟು ನೋಡಿದಳು. ನನ್ನನ್ನು ನೋಡಿದಳು.

"ಅಯ್ಯೋ ದೇವರೇ. ಹಾಗಾದ್ರೆ ವರ್ಷದಿಂದ ನಿನ್ನೊಳಗೆ ಇರೋದು ಯಾರದ್ದೋ?"

"ಏನು ಹಾಗಂದ್ರೆ?"

"ಇಲ್ಲಿ ಯಾರೋ ಬೆಚ್ಚಿಬಿದ್ದಿದ್ದಾರೆ. ಕಾರು ಹಿಂದಕ್ಕೆ ತೆಗೆಯುವಾಗಲೋ ಏನೋ. ಅವರ ಜೀವ ಕೂತಿತ್ತು. ನಾನು ಕರೆದೆ, ಪಾಪ, ಎದ್ದು ಬಂತು. ತಂದು ನಿನಗೆ ತುಂಬಿಬಿಟ್ಟೆ! ಅದಕ್ಕೇ ಸಕ್ಕರೆ ಕಾಫಿ! ಅದಕ್ಕೇ ಏರು ಅಂದ್ರೆ ಆನಂದ, ಇಳಿಜಾರು ಅಂದ್ರೆ ಚೈನು ಸಡಿಲ!"

ಅಂಗಡಿಯ ಹುಡುಗಿ ಗಾಜಿನಾಚೆಯಿಂದ ನೋಡುತ್ತಿದ್ದಳು. ಅಕ್ಕ ಕನ್ನಡಕದ ಡಬ್ಬಿ ಕೇಳಿದಳು. ಚೀಲದ ತಳದಲ್ಲಿತ್ತು. ಏಕೆ ತಂದಿದ್ದೆನೋ, ಕೇಳಲಿಲ್ಲ ಅವಳು. ಮೂರೂ ಕಲ್ಲನ್ನು ಬಾವುಟದ ಬುಡದಲ್ಲಿಟ್ಟು ತಲೆಬಾಗಿದಳು. "ತಪ್ಪಾಯ್ತು. ನಿಮ್ಮವರು ಬಂದು ಕರೆಯೋವರೆಗೆ ಇಲ್ಲೇ ಇರಿ. ಇವನ ಜೊತೆ ಇದ್ದು ಬಹಳ ಬೇಸರ ಆಗಿರಬೇಕು."

ಅದೇ ದಿನ, ಹನ್ನೊಂದು ಗಂಟೆ. ಮೇಲೆ

ಕೋಟೆಯ ಕಮಾನು ನೋಡಿಯಾಯಿತು. ಕಲ್ಲಿನ ಬಾಯಿ, ಅದರ ತುಂಬ ಆಕಾಶ.

ತಿರುವು ಹಾಗೇ ಇದೆ. ಕಬ್ಬು ಕಟಾವಿನ ಕಾಲ. ಹೋದ ವರ್ಷವೂ ಇದೇ ಕಾಲ, ರಸ್ತೆಗೆ ಬಿದ್ದ ಜಲ್ಲೆಯ ಮೇಲೆ ಚಕ್ರ ಹತ್ತಿತ್ತು. ಇಲ್ಲೇ ಎಂದು ತೋರಿಸಿದೆ. ಅಕ್ಕ ರಸ್ತೆಯ ಮಧ್ಯೆಯೇ ಕೂತಳು. ಹಿಂದೆ ಕಬ್ಬಿನ ಲಾರಿ ಬಂತು. ಹಾರ್ನ್ ಹೊಡೆಯಲಿಲ್ಲ. ಎಂಜಿನ್ ಆರಿಸಿ, ಟೋಪಿ ತೆಗೆದು ಡ್ರೈವರ್ ಇಳಿದ.

"ಮಬುಯ್ ಬಿದ್ದಿದೆಯಾ ಅಜ್ಜಿ?"

"ಅಜ್ಜಿ ಯಾರೋ ನಿನಗೆ? ಹೋದ ವರ್ಷ ಬಿದ್ದದ್ದು. ನಿಮ್ಮ ಕಬ್ಬಿನ ಮೇಲೇ."

"ಒಂದು ವರ್ಷ ಆಯ್ತಾ! ನಿಧಾನವಾಗಿ ಕರೀರಿ ಅಕ್ಕಾವ್ರೇ. ಕಬ್ಬೇನೂ ಓಡಿಹೋಗಲ್ಲ."

ಅಕ್ಕ ಅಂಗಿಯಿಂದ ನೆಲ ಗುಡಿಸಿ ಗುಡಿಸಿ ನನ್ನ ಎದೆಯ ಕಡೆ ತಂದಳು. "ಬಾ ಬಾ, ಹೆದರಬೇಡ, ಮನೆಗೆ ಹೋಗೋಣ ಬಾ." ಅಮ್ಮನದೇ ದನಿ. ಇದು ಅವಳಿಗೆ ಯಾವಾಗ ಬಂತು? ನಾನು ಸಮುದ್ರದ ಕಡೆ ನೋಡುತ್ತಿದ್ದೆ. ಹೊಸ ಮೂರು ಕಲ್ಲು ನನ್ನ ಜೇಬಿಗೆ ಬಿದ್ದವು. ಭಾರವೇನಿಲ್ಲ.

ಡ್ರೈವರ್ ಹೇಳಿದ, "ನಾನು ಮುಂದೆ ಹೋಗ್ತೀನಿ ಸಾರ್. ದಾರೀಲಿ ಜಲ್ಲೆ ಬಿದ್ದಿದ್ರೆ ಎತ್ತಿ ಹಾಕ್ಕೊಂಡು ಹೋಗ್ತೀನಿ."

ಹೋದ. ಅಕ್ಕನೂ ಇಳಿದು ಹೋದಳು. ಸಾಕ್ಷಿ ಕೆಳಗೆ ಕಾಯಬೇಕು.

ಬ್ರೇಕ್ ನೋಡಿದೆ. ಸರಿ. ಚೈನು... ಸರಿ. ಬಂಡೆಯ ಮೇಲೆ ಕೂತು ಇದನ್ನೆಲ್ಲ ಬರೆದೆ. ಈಗ ಹೊಳೆಯಿತು. ಜಾಕಿಮಿಯಿಂದ ಇಲ್ಲಿಯತನಕ ಎಲ್ಲ ಇಳಿಜಾರಿನ ನೆತ್ತಿಯಲ್ಲೂ ನಿಂತು ಏನಾದರೂ ಮಾಡುತ್ತಲೇ ಬಂದಿದ್ದೇನೆ. ಬರೆಯುವುದೂ ಅದರಲ್ಲೊಂದು.

ಕೆಳಗಿಂದ ಹಾರ್ನ್. ಅಕ್ಕನದು.

ಪೆನ್ನು ಮುಚ್ಚುತ್ತೇನೆ.

ಕೆಳಗೆ

ಅಂಗಡಿ ಮುಂದೆ. ಬಾವುಟದ ಬುಡದಲ್ಲಿ ಕಲ್ಲುಗಳು ಇಟ್ಟಲ್ಲೇ ಇವೆ. ಅಕ್ಷರ ಹರಿದಾಡುತ್ತಿದೆ. ಇರಲಿ. ಇಳಿದದ್ದು ಕೂತೇ.

ಸಮುದ್ರ ಹೇಗಿತ್ತೋ ಅಂದಳು ಅಕ್ಕ. ನೋಡಲೇ ಇಲ್ಲ.

ತಮಾಯೋಸೆಗೆ ಫೋನ್ ಹಚ್ಚಿದ್ದಾಳೆ. "ಹೂಂ, ಕೂತೇ ಬಂದ. ನನ್ನ ಕಣ್ಣಾರೆ ನೋಡಿದೆ. ಲಗೇಜು ಗಾಡಿ ನೀನೇ ಓಡಿಸಪ್ಪಾ."

ಎಡಗೈಯಿಂದ ಡಬ್ಬಿ ಕಾಫಿ ನನ್ನತ್ತ ಚಾಚಿದಳು, ಕಣ್ಣು ಮಾತ್ರ ನನ್ನ ಮುಖದ ಮೇಲೆ. ತೆರೆದು ಒಂದು ಗುಟುಕು ಕುಡಿದೆ. ಸಕ್ಕರೆ ಜಾಸ್ತಿ ಎನಿಸಿತು.